ಹೊತ್ತಿಲ್ಲದ ಮನೆಯ ಪ್ರಾರ್ಥನೆ

ಸತ್ಯವೇದ ಓದಲು ಹೊತ್ತೇ ಸಿಗುವುದಿಲ್ಲ ಎಂದು ನೊಂದುಕೊಳ್ಳುವವರಲ್ಲಿ ಹೆಚ್ಚಿನವರು ತಾಯಂದಿರು. ಗಂಡನಿಗೂ ಬಿಡುವಿಲ್ಲ, ಮಕ್ಕಳಿಗೂ ಬಿಡುವಿಲ್ಲ. ಆದರೂ ಒಂದು ವಾರ ಮನೆಯ ಪ್ರಾರ್ಥನೆ ತಪ್ಪಿಹೋದರೆ, ಅದು ತನ್ನಿಂದಲೇ ತಪ್ಪಿತು ಎಂದು ರಾತ್ರಿ ಮಲಗುವಾಗ ಮನಸ್ಸಿಗೆ ಹಚ್ಚಿಕೊಳ್ಳುವವಳು ಅವಳೇ. ನಮ್ಮ ಸಭೆಗಳಲ್ಲಿ ಇಂಥವರು ಎಷ್ಟೋ ಮಂದಿ. ಬೆಳಿಗ್ಗೆ ಐದಕ್ಕೆ ಎದ್ದು ಡಬ್ಬಿ ಕಟ್ಟಿ, ಮಕ್ಕಳನ್ನು ಶಾಲೆಯ ವ್ಯಾನು ಹತ್ತಿಸಿ, ಗಾರ್ಮೆಂಟ್ಸಿನ ಗೇಟು ಮುಚ್ಚುವುದರೊಳಗೆ ಓಡುವವಳು. ಈ ವಾರ ಹಗಲು ಪಾಳಿ, ಮುಂದಿನ ವಾರ ರಾತ್ರಿ ಪಾಳಿ ಎಂದು ನಿದ್ದೆಯನ್ನೇ ತುಂಡು ತುಂಡು ಮಾಡಿಕೊಂಡ ನರ್ಸು. ಮನೆಗೆಲಸದ ನಡುವೆ ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟಿ, ಹೊತ್ತಿಗೆ ಸರಿಯಾಗಿ ಬ್ರಾಂಚಿಗೆ ಮುಟ್ಟಿಸಬೇಕಾದ ಕರಾವಳಿಯ ಅಮ್ಮ. ಮಧ್ಯಾಹ್ನ ಎರಡಕ್ಕೆ ಲ್ಯಾಪ್‌ಟಾಪ್ ತೆರೆದರೆ ರಾತ್ರಿ ಹನ್ನೊಂದರವರೆಗೂ ಮೀಟಿಂಗಿನಲ್ಲಿರುವ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ. ಇವರ ಭಕ್ತಿಯನ್ನು ಯಾರೂ ಪ್ರಶ್ನಿಸುವಂತಿಲ್ಲ. ಇವರ ದಿನದಲ್ಲಿ ಸಂದು ಎಲ್ಲಿದೆ ಎಂಬುದಷ್ಟೇ ಪ್ರಶ್ನೆ.

ಇಂಥವರು ಭಾನುವಾರ ದೇವಾಲಯಕ್ಕೆ ಬಂದು ಕೂತಾಗ ಅವರಿಗೆ ಪದೇ ಪದೇ ಕೇಳಿಸುವುದು ಮಾರ್ಥಳ ಕಥೆ. ಬೇಥಾನ್ಯದ ಮನೆಗೆ ಯೇಸು ಬಂದಾಗ ತಂಗಿ ಮರಿಯಳು ಆತನ ಪಾದದ ಬಳಿ ಕೂತು ಮಾತು ಕೇಳುತ್ತಾಳೆ. ಮಾರ್ಥಳು ಅಡುಗೆಯ ಗಡಿಬಿಡಿಯಲ್ಲಿ ಸಿಕ್ಕಿಬಿದ್ದು, ತಂಗಿಯ ಮೇಲೆ ದೂರು ಹೇಳಿ, ಆತನಿಂದ ಬುದ್ಧಿ ಹೇಳಿಸಿಕೊಳ್ಳುತ್ತಾಳೆ. ಲೂಕನ ಸುವಾರ್ತೆಯ 10ನೆಯ ಅಧ್ಯಾಯದ ಕೊನೆಯ ಐದು ವಚನಗಳು ಇವು. ಪ್ರಸಂಗ ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತದೆ, ಕೇಳಿದ ಹೆಂಗಸರು ತಲೆ ತಗ್ಗಿಸಿಕೊಂಡು ಮನೆಗೆ ಹೋಗುತ್ತಾರೆ. ನನಗೆ ಇದು ಅನ್ಯಾಯವೆನ್ನಿಸುತ್ತದೆ. ಏಕೆಂದರೆ ಮಾರ್ಥಳ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ ಲಾಜರನನ್ನು ಸಮಾಧಿಯಲ್ಲಿಟ್ಟು ನಾಲ್ಕು ದಿನವಾಗಿದೆ. ಯೇಸು ಬರುತ್ತಿದ್ದಾನೆಂಬ ಸುದ್ದಿ ಕೇಳಿ ಊರ ಹೊರಗೆ ಎದುರುಗೊಳ್ಳಲು ಹೋದವಳು ಮಾರ್ಥಳು. ಮರಿಯಳು ಮನೆಯಲ್ಲೇ ಉಳಿದಳು. ಆತನೇ ಕ್ರಿಸ್ತನು, ದೇವಕುಮಾರನು ಎಂದು ಆ ದಾರಿಯಲ್ಲಿ ನಿಂತು ಬಾಯಿಬಿಟ್ಟು ಒಪ್ಪಿಕೊಂಡವಳೂ ಅವಳೇ. ಫಿಲಿಪ್ಪನ ಕೈಸರೈಯದಲ್ಲಿ ಪೇತ್ರನು ಹೇಳಿದ ಮಾತಿಗೆ ಒಂದಿಷ್ಟೂ ಕಡಿಮೆಯಲ್ಲದ ಮಾತು ಅದು. ಮುಂದಿನ ಅಧ್ಯಾಯದಲ್ಲಿ ಅದೇ ಊರಿನಲ್ಲಿ ಊಟದ ಪಂಕ್ತಿ ನಡೆಯುವಾಗ ಮಾರ್ಥಳು ಮತ್ತೆ ಬಡಿಸುತ್ತಿದ್ದಾಳೆ. ಈ ಸಲ ಅವಳನ್ನು ಯಾರೂ ಗದರಿಸುವುದಿಲ್ಲ. ಕೈಯಲ್ಲಿ ಸೌಟು ಹಿಡಿದವಳು ಕೇಳಿಸಿಕೊಂಡೂ ಇದ್ದಳು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹೊತ್ತಿಲ್ಲದವರಿಗಾಗಿ ಪ್ರಾರ್ಥನೆಯನ್ನು ಕಿರಿದು ಮಾಡಿಕೊಡುವುದು ಕ್ರೈಸ್ತ ಸಭೆಯ ಬಹಳ ಹಳೆಯ ರೂಢಿ. ಮಠಗಳ ಸನ್ಯಾಸಿಗಳು ಸಂತ ಬೆನೆಡಿಕ್ಟರ ನಿಯಮದಂತೆ 150 ಕೀರ್ತನೆಗಳನ್ನೂ ವಾರಕ್ಕೊಮ್ಮೆ ಹಾಡಿ ಮುಗಿಸುತ್ತಿದ್ದರು. ಗದ್ದೆಯಲ್ಲಿ ದುಡಿಯುವ, ಓದು ಬಾರದ ಜನ ಅದನ್ನು ಮಾಡುವುದೆಂತು? ಅವರು 150 ಕೀರ್ತನೆಗಳ ಬದಲಿಗೆ 150 ಸಲ ನಮೋ ಮರಿಯ ಹೇಳುವ ರೂಢಿ ಬೆಳೆಯಿತು. ಇಂದು ಕಥೋಲಿಕ ಮನೆಗಳಲ್ಲಿ ನಡೆಯುವ ಜಪಮಾಲೆಯ ಬೇರು ಅದು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಇಗರ್ಜಿಯ ಗಂಟೆ ಹೊಡೆದಾಗ ಇದ್ದಲ್ಲೇ ಕೆಲಸ ನಿಲ್ಲಿಸಿ ಹೇಳುವ ಆಂಜೆಲುಸ್ ಪ್ರಾರ್ಥನೆಯೂ ದುಡಿಯುವವರಿಗೆ ಒದಗಿಬಂದದ್ದೇ. ಇಂಗ್ಲೆಂಡಿನಲ್ಲಿ 1549ರ ಸಾಮಾನ್ಯ ಪ್ರಾರ್ಥನಾ ಪುಸ್ತಕ ಬಂದಾಗ ಆರ್ಚ್‌ಬಿಷಪ್ ಕ್ರಾನ್ಮರ್ ಮಠದ ಹಲವು ಜಾವಗಳ ಆರಾಧನೆಯನ್ನು ಬೆಳಗಿನ ಪ್ರಾರ್ಥನೆ, ಸಂಜೆಯ ಪ್ರಾರ್ಥನೆ ಎಂದು ಎರಡಕ್ಕೆ ಇಳಿಸಿದರು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಅದಕ್ಕೆ ಬಂದ ಆಸ್ತಿಯಲ್ಲಿ ಈ ಪರಂಪರೆಯೂ ಸೇರಿತ್ತು.

ನಮ್ಮ ಮಕ್ಕಳು ಹೋಗುವ ಸಂಡೇ ಸ್ಕೂಲಿನ ಹುಟ್ಟು ಇನ್ನೂ ಸ್ಪಷ್ಟ. 1780ರಲ್ಲಿ ಗ್ಲಾಸ್ಟರ್ ಪಟ್ಟಣದ ಪತ್ರಿಕಾ ಸಂಪಾದಕ ರಾಬರ್ಟ್ ರೇಕ್ಸ್ ಬಡ ಮಕ್ಕಳಿಗೆ ಭಾನುವಾರದ ಶಾಲೆ ತೆರೆದರು. ವಾರದ ಆರು ದಿನವೂ ಆ ಮಕ್ಕಳು ಕೆಲಸಕ್ಕೆ ಹೋಗುತ್ತಿದ್ದರು. ಉಳಿದದ್ದು ಭಾನುವಾರ ಒಂದೇ. ಓದು ಬರಹ ಕಲಿಸಲು ಕೈಗೆ ಸಿಕ್ಕಿದ ಪುಸ್ತಕ ಬೈಬಲ್. ಬಿಡುವಿದ್ದವರು ಕಟ್ಟಿದ ಪದ್ಧತಿಯಲ್ಲ ಇದು, ಬಿಡುವೇ ಇಲ್ಲದ ಮಕ್ಕಳಿಗಾಗಿ ಹುಟ್ಟಿದ್ದು. ಆದ್ದರಿಂದ ಒಂದು ಮನೆಯಲ್ಲಿ ದಿನಕ್ಕೆ ಹತ್ತು ಹದಿನೈದು ನಿಮಿಷದ ಓದು, ಒಂದು ಹಾಡು, ಒಂದು ಚಿಕ್ಕ ಪ್ರಾರ್ಥನೆ ನಡೆದರೆ, ಅದನ್ನು ಕೊರತೆಯೆಂದು ಎಣಿಸಲು ನನಗೆ ಮನಸ್ಸಿಲ್ಲ. ಅಷ್ಟು ನಡೆದರೆ ಆ ಮನೆಯಲ್ಲಿ ಬಹಳವೇ ನಡೆಯಿತು.

ಆದರೆ ಆ ಹದಿನೈದು ನಿಮಿಷ ಎಲ್ಲಿಂದ ಬರಬೇಕು? ಇದಕ್ಕೆ ಧರ್ಮೋಪದೇಶಕಾಂಡದ 6ನೆಯ ಅಧ್ಯಾಯಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಎಲ್ಲಿಯೂ ಕಂಡಿಲ್ಲ. ದೇವರ ಮಾತನ್ನು ಮಕ್ಕಳಿಗೆ ಯಾವಾಗ ಹೇಳಿಕೊಡಬೇಕು ಎಂದು ಅಲ್ಲಿ ನಾಲ್ಕು ವೇಳೆಗಳನ್ನು ಹೇಳಿದೆ: ಮನೆಯಲ್ಲಿ ಕೂತಿರುವಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ. ಈ ನಾಲ್ಕರಲ್ಲಿ ಒಂದನ್ನೂ ಹೊಸದಾಗಿ ಹುಡುಕಬೇಕಾಗಿಲ್ಲ. ಎಷ್ಟೇ ಕೆಲಸವಿರುವ ಮನೆಯಲ್ಲೂ ಜನ ಕೂರುತ್ತಾರೆ, ಹೊರಡುತ್ತಾರೆ, ಮಲಗುತ್ತಾರೆ, ಏಳುತ್ತಾರೆ. ಪ್ರಾರ್ಥನೆಗೆಂದು ಬೇರೆ ಹೊತ್ತು ಹುಡುಕಲು ಹೊರಟ ಮನೆಗಳಲ್ಲಿ ಅದು ಉಳಿದದ್ದು ಕಡಿಮೆ. ರಾತ್ರಿ ಊಟದ ತಟ್ಟೆ ಎತ್ತುವ ಮೊದಲೇ ಎಂದೋ, ಬೆಳಿಗ್ಗೆ ಚಹಾ ಕುಡಿಯುವಾಗಲೇ ಎಂದೋ ದಿನಾ ತಪ್ಪದ ಒಂದು ಕೆಲಸಕ್ಕೆ ಅದನ್ನು ಕಟ್ಟಿಹಾಕಿದ ಮನೆಗಳಲ್ಲಿ ವರ್ಷಗಟ್ಟಲೆ ಉಳಿದಿದೆ. ಗಡಿಯಾರದ ಗಂಟೆಗೆ ಕಟ್ಟುವುದಕ್ಕಿಂತ ಊಟಕ್ಕೆ ಕಟ್ಟುವುದು ಮೇಲು. ಅಪ್ಪ ತಡವಾಗಿ ಬಂದರೆ ಎಂಟು ಗಂಟೆ ದಾಟಿಹೋಗುತ್ತದೆ, ಊಟ ದಾಟಿಹೋಗುವುದಿಲ್ಲ.

ಮಂಗಳೂರು ಕಡೆಯ ಕೊಂಕಣಿ ಕಥೋಲಿಕರ ಹಳೆಯ ಮನೆಗಳಲ್ಲಿ ಇದು ಚೆನ್ನಾಗಿ ಗೊತ್ತಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಊಟಕ್ಕೆ ಮೊದಲು ತೇರ್ಸ್, ಅಂದರೆ ಜಪಮಾಲೆ. ದೇವರ ಪೀಠದ ಮುಂದೆ ಮನೆಯವರೆಲ್ಲ ಮೊಣಕಾಲೂರಬೇಕು, ಬಂದ ನೆಂಟನೂ ಸೇರಬೇಕು. ಐದು ದಶಕಗಳ ಜಪಮಾಲೆ ಮುಗಿದ ಕೂಡಲೇ ಮಕ್ಕಳು ಹಿರಿಯರ ಹತ್ತಿರ ಒಬ್ಬೊಬ್ಬರಾಗಿ ಹೋಗಿ ಬೆಸಾಂವ್, ಅಂದರೆ ಆಶೀರ್ವಾದ, ಬೇಡುತ್ತಿದ್ದರು. ಬೆಳಿಗ್ಗೆ ಅಜ್ಜನಿಂದ ಬೈಸಿಕೊಂಡ ಮೊಮ್ಮಗನೂ ರಾತ್ರಿ ಅದೇ ಅಜ್ಜನ ಮುಂದೆ ಕೈ ಮುಗಿದು ನಿಲ್ಲಬೇಕಾಗಿತ್ತು; ಅಜ್ಜನೂ ಹರಸದೆ ಇರುವಂತಿರಲಿಲ್ಲ. ಒಂದು ದಿನದ ಸಿಟ್ಟು ಇನ್ನೊಂದು ದಿನಕ್ಕೆ ದಾಟದಂತೆ ನೋಡಿಕೊಳ್ಳುವ ಎಂಥ ಒಳ್ಳೆಯ ಏರ್ಪಾಡು! ನಮ್ಮ ಪ್ರೊಟೆಸ್ಟೆಂಟ್ ಮನೆಗಳಲ್ಲಿ ಒಂದು ಹಾಡು, ಒಂದು ಅಧ್ಯಾಯ, ಹಿರಿಯರ ಪ್ರಾರ್ಥನೆ, ಕೊನೆಗೆ ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ ಎಂಬ ಕ್ರಮವಿತ್ತು. ಈಗಲೂ ಎಷ್ಟೋ ಮನೆಗಳಲ್ಲಿದೆ. ಆದರೆ ಆಶೀರ್ವಾದ ಬೇಡುವ ಈ ಪದ್ಧತಿಯನ್ನು ನಾವು ಅವರಿಂದ ಕಲಿಯಬಹುದಾಗಿತ್ತು.

ಪ್ರತಿ ಜನವರಿಯಲ್ಲಿ ಕಾಣುವ ಒಂದು ಸಂಗತಿಯಿದೆ. ಡಿಸೆಂಬರ್ 31ರ ವಾಚ್ ನೈಟ್ ಆರಾಧನೆ ಮುಗಿಸಿ, ಹೊಸ ವರ್ಷದ ವಾಗ್ದಾನದ ಕಾರ್ಡು ಹಿಡಿದು ಮನೆಗೆ ಬಂದವರು, ಈ ವರ್ಷ ಇಡೀ ಸತ್ಯವೇದ ಓದಿ ಮುಗಿಸೋಣ ಎಂದು ನಿಶ್ಚಯಿಸುತ್ತಾರೆ. ನಿಶ್ಚಯ ಒಳ್ಳೆಯದೇ. ಲೆಕ್ಕವನ್ನೂ ನೋಡಬೇಕು. 66 ಪುಸ್ತಕಗಳಲ್ಲಿ 1,189 ಅಧ್ಯಾಯಗಳಿವೆ. ವರ್ಷದಲ್ಲಿ ಮುಗಿಯಬೇಕಾದರೆ ದಿನಕ್ಕೆ ಮೂರು ಅಧ್ಯಾಯ ಓದಿದರೂ ಸಾಲದು. ಆದಿಕಾಂಡದ ಕಥೆಗಳು ಓಡಿಸಿಕೊಂಡು ಹೋಗುತ್ತವೆ. ಯೋಸೇಫನು ಅಣ್ಣಂದಿರಿಗೆ ತನ್ನ ಗುರುತು ಹೇಳುವಲ್ಲಿ ಮಕ್ಕಳ ಕಣ್ಣೂ ಒದ್ದೆಯಾಗುತ್ತದೆ. ವಿಮೋಚನಕಾಂಡದಲ್ಲಿ ಕೆಂಪು ಸಮುದ್ರ ದಾಟಿ ಸೀನಾಯಿ ಬೆಟ್ಟ ಮುಟ್ಟುವವರೆಗೂ ಸರಿ. ಆಮೇಲೆ ದೇವದರ್ಶನದ ಗುಡಾರದ ಅಳತೆಗಳು, ಯಾಜಕಕಾಂಡದ ಯಜ್ಞವಿಧಿಗಳು ಬರುತ್ತವೆ. ಫೆಬ್ರವರಿಯ ಹೊತ್ತಿಗೆ ಒಂದು ದಿನ ತಪ್ಪುತ್ತದೆ, ಮರುದಿನ ಆರು ಅಧ್ಯಾಯ ಬಾಕಿ, ಅದರ ಮರುದಿನ ಒಂಬತ್ತು. ಸಾಲ ಬೆಳೆದಂತೆ ಬೆಳೆದು ಕೊನೆಗೆ ಪುಸ್ತಕವನ್ನೇ ಮುಟ್ಟಲು ನಾಚಿಕೆಯಾಗುವಂತಾಗುತ್ತದೆ.

ವರ್ಷದ ಓದಿನ ಪಟ್ಟಿಗಳಲ್ಲಿ ಹೆಸರಾದದ್ದು ಸ್ಕಾಟ್ಲೆಂಡಿನ ಡಂಡಿ ಪಟ್ಟಣದ ಸಭಾಪಾಲಕ ರಾಬರ್ಟ್ ಮರ್ರೆ ಮೆಕ್‌ಶೇನ್ 1842ರಲ್ಲಿ ತಮ್ಮ ಸಭೆಗೆಂದು ಮಾಡಿಕೊಟ್ಟದ್ದು. ಮುಂದಿನ ವರ್ಷವೇ, ಮೂವತ್ತು ತುಂಬುವ ಮೊದಲೇ, ಅವರು ತೀರಿಕೊಂಡರು. ದಿನಕ್ಕೆ ನಾಲ್ಕು ಅಧ್ಯಾಯ. ಅದರಲ್ಲಿ ಎರಡು ಮನೆಯವರೆಲ್ಲ ಸೇರಿ ಓದಲು, ಎರಡು ಒಬ್ಬರೇ ಕೂತು ಓದಲು. ಆ ವಿಂಗಡಣೆ ನನಗೆ ಬಹಳ ಹಿಡಿಸುತ್ತದೆ. ಅದಕ್ಕಿಂತ ಹೆಚ್ಚಾಗಿ ಹಿಡಿಸುವುದು ಪಟ್ಟಿಯ ಜೊತೆಗೆ ಅವರೇ ಬರೆದ ಎಚ್ಚರಿಕೆ. ಓದು ಬರಿಯ ಶಾಸ್ತ್ರವಾಗಿಬಿಡಬಹುದು, ಓದಿದೆನೆಂಬ ಹೆಮ್ಮೆ ಬರಬಹುದು, ಅವಸರದಲ್ಲಿ ಕಣ್ಣು ಹಾಯಿಸಿ ಮುಗಿಸಬಹುದು, ಕೆಲವರಿಗೆ ಇದು ಹೊರಲಾಗದ ನೊಗವಾಗಬಹುದು ಎಂದು ಅವರು ಮೊದಲೇ ಹೇಳಿಬಿಟ್ಟಿದ್ದರು. ಪಟ್ಟಿ ಇಂದಿಗೂ ಓಡಾಡುತ್ತಿದೆ. ಎಚ್ಚರಿಕೆಯನ್ನು ಜೊತೆಗೆ ಕೊಡುವವರು ಕಡಿಮೆ. ಚಿಕ್ಕ ಮಕ್ಕಳಿರುವ, ಇಬ್ಬರೂ ದುಡಿಯುವ ಮನೆಗೆ ನಾನು ಹೇಳುವುದಾದರೆ, ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. 16 ಅಧ್ಯಾಯ. ದಿನಕ್ಕೆ ಒಂದು ಘಟನೆಯಷ್ಟೇ ಓದಿದರೂ ಎರಡು ಮೂರು ತಿಂಗಳಲ್ಲಿ ಒಂದು ಸುವಾರ್ತೆ ಪೂರ್ತಿಯಾಗಿ ಮನೆಯೊಳಗೆ ಬಂದಿರುತ್ತದೆ. ತಿಂಗಳ ತಾರೀಖು ನೋಡಿಕೊಂಡು ಜ್ಞಾನೋಕ್ತಿಗಳ 31 ಅಧ್ಯಾಯಗಳಲ್ಲಿ ಆ ದಿನದ್ದನ್ನು ಓದುವ ರೂಢಿಯೂ ಕೆಲವು ಮನೆಗಳಲ್ಲಿದೆ. ಅದರ ಅನುಕೂಲವೆಂದರೆ ಬಾಕಿಯ ಭಯವಿಲ್ಲ. ತಪ್ಪಿದ ಅಧ್ಯಾಯ ಮುಂದಿನ ತಿಂಗಳು ತಾನಾಗಿ ಬರುತ್ತದೆ.

ತಾಯಂದಿರ ಮಾತು ಬಂದಾಗ ಸುಸಾನಾ ವೆಸ್ಲಿಯನ್ನು ನೆನೆಯದೆ ಇರಲಾರೆ. ಲಿಂಕನ್‌ಶೈರಿನ ಎಪ್‌ವರ್ತ್ ಎಂಬ ಹಳ್ಳಿಯ ಪಾದ್ರಿಯ ಹೆಂಡತಿ. 19 ಹೆರಿಗೆ, ಬದುಕಿದ ಮಕ್ಕಳು 10. ಸಾಲ, ಕಾಯಿಲೆ, ಮನೆಗೆ ಬೆಂಕಿ ಬಿದ್ದು ಸುಟ್ಟುಹೋದದ್ದು ಎಲ್ಲವನ್ನೂ ಕಂಡವಳು. ಗಂಡ ಲಂಡನ್ನಿನ ಸಭೆಗೆ ಹೋಗಿ ತಿಂಗಳುಗಟ್ಟಲೆ ಬರದಿದ್ದಾಗ, ಆಕೆ ಭಾನುವಾರ ಸಂಜೆ ಮಕ್ಕಳಿಗೂ ಆಳುಗಳಿಗೂ ಅಡುಗೆಮನೆಯಲ್ಲಿ ಓದಿ ಹೇಳಿ ಪ್ರಾರ್ಥನೆ ಮಾಡಿಸುತ್ತಿದ್ದಳು. ಕಿವಿಯಿಂದ ಕಿವಿಗೆ ಹರಡಿ ಅಕ್ಕಪಕ್ಕದವರು ಬಂದು ಕೂರತೊಡಗಿ, ಇನ್ನೂರರಷ್ಟು ಜನ ಸೇರುವ ಮಟ್ಟಕ್ಕೆ ಹೋಯಿತು. 1712ರಲ್ಲಿ ಆಕೆ ಗಂಡನಿಗೆ ಬರೆದ ಕಾಗದದಲ್ಲಿ ಇನ್ನೊಂದು ಏರ್ಪಾಡಿನ ಮಾತಿದೆ. ಎಲ್ಲ ಮಕ್ಕಳನ್ನೂ ಒಟ್ಟಿಗೆ ಕೂರಿಸಿಕೊಂಡರೆ ಸಾಲದೆಂದು, ರಾತ್ರಿಗೆ ಒಂದು ಮಗುವಿನಂತೆ ಪ್ರತ್ಯೇಕವಾಗಿ ಕರೆದು ಅದರ ಮನಸ್ಸಿನಲ್ಲಿರುವುದನ್ನು ಕೇಳಿ ಮಾತಾಡಲು ವಾರದ ದಿನಗಳನ್ನು ಹಂಚಿಬಿಟ್ಟಿದ್ದಳು. ಗುರುವಾರ ಜಾನನದು, ಶನಿವಾರ ಚಾರ್ಲ್ಸನದು. ಮುಂದೆ ಮೆಥೊಡಿಸ್ಟ್ ಚಳವಳಿಯನ್ನೇ ಕಟ್ಟಿದ ಜಾನ್ ವೆಸ್ಲಿ ಬೆಳೆದು ದೊಡ್ಡವನಾಗಿ ಆಕ್ಸ್‌ಫರ್ಡಿನಲ್ಲಿದ್ದಾಗ, ಹಿಂದೆ ಗುರುವಾರ ಸಂಜೆ ತನಗೆ ಕೊಡುತ್ತಿದ್ದ ಆ ಸ್ವಲ್ಪ ಹೊತ್ತನ್ನು ಈಗಲೂ ತನಗಾಗಿ ತೆಗೆದಿಡಬೇಕೆಂದು ತಾಯಿಗೆ ಬರೆದು ಕೇಳಿಕೊಂಡ. ಮೈಸೂರು ಸೀಮೆಯಲ್ಲಿ ಶಾಲೆ, ಆಸ್ಪತ್ರೆ, ಅಚ್ಚುಕೂಟಗಳನ್ನು ನಡೆಸಿ 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ ಸೇರಿದ ವೆಸ್ಲಿಯನ್ ಮಿಶನ್ನಿನ ಮೂಲದಲ್ಲಿ ಈ ತಾಯಿಯ ಗುರುವಾರಗಳಿವೆ ಎಂದು ನೆನೆದರೆ ನನ್ನ ಮನಸ್ಸು ತುಂಬಿಬರುತ್ತದೆ. ಮಕ್ಕಳ ಶಾಲೆಯ ಪ್ರಾಜೆಕ್ಟಿಗೆ ಒಂದು ರಾತ್ರಿ ಕೂರುವ ನಾವು, ವಾರಕ್ಕೆ ಒಮ್ಮೆ ಒಂದು ಮಗುವಿನ ಜೊತೆ ಅದರ ಭಯ, ಅದರ ಸಂದೇಹ ಕೇಳಲು ಅರ್ಧ ಗಂಟೆ ಕೂರಲಾರೆವೆ?

ಆ ಹೊತ್ತು ಅಪ್ಪನದೂ ಆಗಲಿ. ಸುಸಾನಾಳ ಗಂಡ ದೂರದಲ್ಲಿದ್ದ, ಆಗ ಬೇರೆ ದಾರಿಯಿರಲಿಲ್ಲ. ಇಂದು ಕೊಲ್ಲಿ ದೇಶದಲ್ಲಿರುವ ಅಪ್ಪನಿಗೂ ದಾರಿಯಿದೆ. ಉಡುಪಿಯ ಮನೆಯಲ್ಲಿ ರಾತ್ರಿ ಎಂಟೂವರೆಯಾದಾಗ ದುಬೈಯಲ್ಲಿ ಏಳು, ಕುವೈತಿನಲ್ಲಿ ಆರು. ಕೆಲಸ ಮುಗಿಸಿ ಬಂದ ಅಪ್ಪ ವಾಟ್ಸ್‌ಆ್ಯಪ್ ವಿಡಿಯೊದಲ್ಲಿ ಸೇರಿಕೊಂಡು ಒಂದು ಕೀರ್ತನೆ ಓದಿದರೆ, ವರ್ಷಕ್ಕೊಮ್ಮೆ ರಜೆಗೆ ಬಂದಾಗ ಮಕ್ಕಳಿಗೆ ಅವನು ನೆಂಟನಾಗಿ ಕಾಣುವುದಿಲ್ಲ. ಊರಿನಲ್ಲೇ ಇದ್ದೂ ಪ್ರಾರ್ಥನೆಯ ಹೊತ್ತಿಗೆ ಟಿವಿಯ ಮುಂದೆ ಕೂರುವ ಅಪ್ಪಂದಿರಿಗೆ ಮಾತ್ರ ನನ್ನ ಹತ್ತಿರ ಯಾವ ಸಮಾಧಾನದ ಮಾತೂ ಇಲ್ಲ.

ಇನ್ನು ಓದುವ ಭಾಷೆಯ ತೊಡಕು. ಅಜ್ಜಿಗೆ ಕನ್ನಡ ಸತ್ಯವೇದವೇ ಬೇಕು. ಅದರ ಹಳೆಯ ನುಡಿಗಟ್ಟು ಆಕೆಗೆ ಬಾಯಿಪಾಠ. ಇಂಗ್ಲಿಷ್ ಮಾಧ್ಯಮದ ಮೊಮ್ಮಗಳಿಗೆ ಕನ್ನಡದ ಒತ್ತಕ್ಷರ ಬಂದಲ್ಲಿ ನಾಲಿಗೆ ನಿಲ್ಲುತ್ತದೆ. ಬೆಂಗಳೂರಿನಲ್ಲಿ ಒಂದೇ ಕುಟುಂಬ ಬೆಳಿಗ್ಗೆ ಇಂಗ್ಲಿಷ್ ಆರಾಧನೆಗೆ ಅರ್ಧ, ಕನ್ನಡ ಆರಾಧನೆಗೆ ಅರ್ಧ ಎಂದು ಎರಡಾಗುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಮನೆಯಲ್ಲಾದರೂ ಇದನ್ನು ಸರಿಪಡಿಸಬಹುದು. ಅಜ್ಜಿ ಒಂದು ವಚನವನ್ನು ಕನ್ನಡದಲ್ಲಿ ಓದಲಿ, ಅದನ್ನೇ ಮಗು ತನ್ನ ಪುಸ್ತಕದಲ್ಲಿ ಓದಲಿ, ವಾರಕ್ಕೊಂದು ವಚನವನ್ನು ಇಬ್ಬರೂ ಅದಲುಬದಲು ಮಾಡಿಕೊಳ್ಳಲಿ. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಕನ್ನಡದಲ್ಲಿ ಬೈಬಲ್ ತರಲು ವರ್ಷಗಟ್ಟಲೆ ದುಡಿದದ್ದು, ಮುಂದೆ ಎಷ್ಟೋ ಪಂಡಿತರು, ಮಿಶನರಿಗಳು ಅದನ್ನು ತಿದ್ದಿದ್ದು, ಈ ನೆಲದ ಮನೆಗಳಲ್ಲಿ ಗಟ್ಟಿಯಾಗಿ ಓದುವ ದನಿ ಕೇಳಲಿ ಎಂದೇ. ತಿಮೊಥೆಯನ ನಂಬಿಕೆ ಮೊದಲು ಅವನ ಅಜ್ಜಿ ಲೋವಿಯಲ್ಲಿಯೂ ತಾಯಿ ಯೂನಿಕೆಯಲ್ಲಿಯೂ ನೆಲೆಸಿತ್ತೆಂದು ಪೌಲನು ನೆನಪಿಸುತ್ತಾನೆ. ಅಜ್ಜಿಯ ಹೆಸರನ್ನು ಬಿಡದೆ ಬರೆದಿದ್ದಾನೆ ನೋಡಿ.

ಮಕ್ಕಳು ಪ್ರಶ್ನೆ ಕೇಳುತ್ತಾರೆ. ಕಾಯಿನನು ಹೇಬೆಲನನ್ನು ಕೊಲ್ಲುವಾಗ ದೇವರು ಯಾಕೆ ತಡೆಯಲಿಲ್ಲ? ನೋಹನ ಕಾಲದಲ್ಲಿ ಚಿಕ್ಕ ಮಕ್ಕಳೂ ಮುಳುಗಿದರಾ? ಆಗ, ಇವತ್ತಿನ ಅಧ್ಯಾಯ ಮುಗಿಸೋಣ, ಆಮೇಲೆ ಹೇಳುತ್ತೇನೆ ಎನ್ನಬಾರದು. ಆ ದಿನದ ಓದು ಅಲ್ಲಿಗೇ ನಿಲ್ಲಲಿ. ಗೊತ್ತಿದ್ದಷ್ಟು ಹೇಳಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ, ಅಯ್ಯನವರನ್ನು ಕೇಳೋಣ ಎನ್ನಿ. ನಿದ್ದೆಗೆ ಜಾರಿದ ಮಗುವನ್ನು ಎಬ್ಬಿಸಿ ಬೈಯುವುದೂ ಬೇಡ. ಪೌಲನಂಥ ಪೌಲನು ತ್ರೋವದಲ್ಲಿ ಮಧ್ಯರಾತ್ರಿಯವರೆಗೂ ಮಾತಾಡಿದಾಗ ಯೂತಿಖನೆಂಬ ಹುಡುಗ ಕಿಟಕಿಯಲ್ಲಿ ಕೂತು ತೂಕಡಿಸಿ ಮೂರನೆಯ ಅಂತಸ್ತಿನಿಂದ ಬಿದ್ದ. ಪೌಲನು ಕೆಳಗಿಳಿದು ಹೋಗಿ ಅವನನ್ನು ತಬ್ಬಿಕೊಂಡನೇ ಹೊರತು ನಿದ್ದೆ ಮಾಡಿದ್ದಕ್ಕೆ ಒಂದು ಮಾತೂ ಆಡಲಿಲ್ಲ.

ಫೋನಿನಲ್ಲಿ ಸತ್ಯವೇದ ಓದಬಹುದೇ ಎಂದು ಹಿರಿಯರು ಅನುಮಾನದಿಂದ ಕೇಳುತ್ತಾರೆ. ಧಾರಾಳವಾಗಿ ಓದಬಹುದು. 2008ರಲ್ಲಿ ಅಮೆರಿಕದ ಒಂದು ಸಭೆ ಹೊರತಂದ ಯೂವರ್ಷನ್ ಆ್ಯಪಿನಲ್ಲಿ ಈಗ ಕನ್ನಡವೂ ಇದೆ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಬಸ್ಸಿನ ಕಂಬಿ ಹಿಡಿದು ನಿಂತವಳಿಗೆ ಇಯರ್‌ಫೋನಿನಲ್ಲಿ ಒಂದು ಅಧ್ಯಾಯ ಕೇಳಿಸಿಕೊಳ್ಳಲು ಸಾಧ್ಯವಾದದ್ದು ಸಣ್ಣ ವರವಲ್ಲ. ಆದರೆ ಇಷ್ಟು ದಿನ ಬಿಡದೆ ಓದಿದಿರಿ ಎಂದು ಆ್ಯಪು ಎಣಿಸುವ ಲೆಕ್ಕವನ್ನು ತೀರಾ ಮನಸ್ಸಿಗೆ ತೆಗೆದುಕೊಳ್ಳಬೇಡಿ. ಮತ್ತು ಮನೆಯವರೆಲ್ಲ ಕೂತಾಗ ಕಾಗದದ ಪುಸ್ತಕವೇ ಇರಲಿ ಎಂಬುದು ನನ್ನ ಬಲವಾದ ಅಭಿಪ್ರಾಯ. ನಾಲ್ವರು ನಾಲ್ಕು ಫೋನು ಹಿಡಿದು ಕೂತರೆ ಯಾರ ಕಣ್ಣು ಎಲ್ಲಿದೆ ಎಂದು ತಿಳಿಯುವುದಿಲ್ಲ. ಒಂದೇ ಪುಸ್ತಕ ಕೈಯಿಂದ ಕೈಗೆ ಹೋಗುವಾಗ ಪಕ್ಕದವರಿಗೆ ಕೊಡಬೇಕು, ಸಾಲು ತೋರಿಸಬೇಕು, ಅವರು ಓದುವುದನ್ನು ಕೇಳಬೇಕು.

ಇಲ್ಲಿಯವರೆಗೆ ಮನೆಯವರಿಗೆ ಹೇಳಿದ್ದಾಯಿತು. ಇನ್ನು ಸಭಾಪಾಲಕರಿಗೂ ಕಮಿಟಿಯವರಿಗೂ ಒಂದು ಬಿನ್ನಹ, ಈ ಬರಹದ ಮುಖ್ಯ ಮಾತೇ ಇದು. ಮನೆಯ ಹೊತ್ತನ್ನು ತಿನ್ನುವವರಲ್ಲಿ ಆಫೀಸು, ಟ್ಯೂಷನ್, ಟ್ರಾಫಿಕ್ ಮಾತ್ರವಲ್ಲ, ನಮ್ಮ ಸಭೆಗಳೂ ಇವೆ. ಮಂಗಳವಾರ ಸ್ತ್ರೀಯರ ಕೂಟ, ಬುಧವಾರ ಬೈಬಲ್ ಸ್ಟಡಿ, ಗುರುವಾರ ಕಾಟೇಜ್ ಪ್ರೇಯರ್, ಶುಕ್ರವಾರ ಉಪವಾಸ ಪ್ರಾರ್ಥನೆ, ಶನಿವಾರ ಗಾಯನ ತಂಡದ ಅಭ್ಯಾಸ, ಭಾನುವಾರ ಆರಾಧನೆಯ ಮೇಲೆ ಯೌವನಸ್ಥರ ಕೂಟ, ಅದಾದ ಮೇಲೆ ಕಮಿಟಿ. ಒಂದೊಂದೂ ಒಳ್ಳೆಯ ಕೆಲಸವೇ. ಎಲ್ಲಕ್ಕೂ ಬರುವವರು ಮಾತ್ರ ಅದೇ ಹತ್ತು ಹನ್ನೆರಡು ಮನೆಯವರು. ಅವರ ಮನೆಗಳಲ್ಲೇ ಸಂಜೆ ಎಲ್ಲರೂ ಒಟ್ಟಿಗೆ ಕೂರುವುದು ನಿಂತುಹೋಗಿದೆ. ಕಾಟೇಜ್ ಪ್ರೇಯರ್ ಯಾರ ಮನೆಯಲ್ಲಿದೆಯೋ ಆ ಮನೆಯ ಹೆಂಗಸು ಕೆಲಸದಿಂದ ಬಂದವಳೇ ಮನೆ ಗುಡಿಸಿ, ಕುರ್ಚಿ ಹೊಂದಿಸಿ, ಮೂವತ್ತು ಜನಕ್ಕೆ ಉಪ್ಪಿಟ್ಟು ಕೇಸರಿಬಾತು ಮಾಡಿ, ಪ್ರಾರ್ಥನೆ ನಡೆಯುವಾಗ ಒಳಗೆ ಚಹಾ ಸೋಸುತ್ತಿರುತ್ತಾಳೆ. ಆಮೇಲೆ ಅವಳಿಗೇ ಮಾರ್ಥಳ ಕಥೆ ಹೇಳುವುದು ಸರಿಯೆ? ಬರಿಯ ಚಹಾ ಸಾಕು ಎಂದು ಸಭೆಯೇ ಒಂದು ನಿಯಮ ಮಾಡಲಿ. ಬಡವರ ಮನೆಗಳೂ ಹಿಂಜರಿಯದೆ ಬಾಗಿಲು ತೆರೆಯುತ್ತವೆ. ತಿಂಗಳಲ್ಲಿ ಒಂದು ವಾರ ಭಾನುವಾರದ ಆರಾಧನೆ ಬಿಟ್ಟು ಬೇರೆ ಯಾವ ಕೂಟವನ್ನೂ ಇಟ್ಟುಕೊಳ್ಳದೆ, ಆ ವಾರ ಮನೆಯಲ್ಲಿ ಓದಲು ಐದಾರು ಭಾಗಗಳನ್ನು ಒಂದು ಚೀಟಿಯಲ್ಲಿ ಅಚ್ಚು ಹಾಕಿಸಿ ಕೊಡಲಿ.

ಕಟ್ಟಡ ಮುಚ್ಚಿದರೂ ಸಭೆ ನಿಲ್ಲುವುದಿಲ್ಲ ಎಂಬುದನ್ನು 2020ರಲ್ಲಿ ಕಣ್ಣಾರೆ ಕಂಡೆವು. ಆ ವರ್ಷ ಗರಿಗಳ ಭಾನುವಾರ ಏಪ್ರಿಲ್ 5ರಂದು, ಈಸ್ಟರ್ 12ರಂದು ಬಂತು. ಎಲ್ಲ ದೇವಾಲಯಗಳಿಗೂ ಬೀಗ. ಜೂನ್ 8ರಂದು ಬಾಗಿಲು ತೆರೆಯುವವರೆಗೆ, ಎಂದೂ ಬಾಯಿಬಿಟ್ಟು ಪ್ರಾರ್ಥಿಸದ ಎಷ್ಟೋ ಗಂಡಸರು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ತಡವರಿಸುತ್ತಲೇ ಆರಾಧನೆ ನಡೆಸಿದರು. ಬಾಗಿಲು ತೆರೆದ ಮೇಲೆ ಅದನ್ನು ಮುಂದುವರಿಸಿ ಎಂದು ನಾವು ಗಟ್ಟಿಯಾಗಿ ಹೇಳಬೇಕಾಗಿತ್ತು. ಉಳಿದುಕೊಂಡದ್ದು ಮೊಬೈಲಿನಲ್ಲಿ ಆರಾಧನೆ ನೋಡುವ ಅಭ್ಯಾಸ. ಹಾಸಿಗೆ ಹಿಡಿದ ಹಿರಿಯರಿಗೆ ಅದು ದೊಡ್ಡ ಆಸರೆ, ನಿಜ. ಕಾಲು ಗಟ್ಟಿ ಇರುವವರು ಬರಬೇಕು. ಜೊತೆಗೆ ಹಾಡುವುದನ್ನೂ, ಪಕ್ಕದ ಬೆಂಚಿನವಳ ಮಗನಿಗೆ ಜ್ವರ ಎಂದು ತಿಳಿಯುವುದನ್ನೂ ಪರದೆ ಕೊಡಲಾರದು.

ಭಾನುವಾರವೇ ಕೈತಪ್ಪುವವರ ಕಷ್ಟ ಬೇರೆ. ನೀಟ್, ಯುಪಿಎಸ್‌ಸಿ ಪ್ರಿಲಿಮ್ಸ್‌ನಂಥ ದೊಡ್ಡ ಪರೀಕ್ಷೆಗಳು ಭಾನುವಾರವೇ ಬರುತ್ತವೆ. ನರ್ಸಿಗೂ ಪೊಲೀಸ್ ಪೇದೆಗೂ ಬಸ್ಸಿನ ಕಂಡಕ್ಟರಿಗೂ ವಾರದ ರಜೆ ಬೇರೊಂದು ದಿನ. ಇವರನ್ನು ಗೈರುಹಾಜರಿಯವರೆಂದು ಗುರುತಿಸುವ ಬದಲು ದಾರಿ ತೆರೆದುಕೊಟ್ಟ ಉದಾಹರಣೆಗಳು ನಮ್ಮ ಮುಂದಿವೆ. ಕಥೋಲಿಕ ಸಭೆಯ 1983ರ ಧರ್ಮಸಂಹಿತೆ ಶನಿವಾರ ಸಂಜೆಯ ಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕರ್ತವ್ಯ ಸಂದಿತೆಂದು ಒಪ್ಪುತ್ತದೆ. ಕೊಲ್ಲಿ ದೇಶಗಳಲ್ಲಿ ಶುಕ್ರವಾರವೇ ವಾರದ ರಜೆಯಾಗಿದ್ದರಿಂದ ನಮ್ಮ ಕನ್ನಡ, ತುಳು, ಕೊಂಕಣಿ ಜನ ಅಲ್ಲಿ ದಶಕಗಟ್ಟಲೆ ಶುಕ್ರವಾರವೇ ಆರಾಧನೆಗೆ ಸೇರಿದರು. ಮಕ್ಕಳ ಧರ್ಮಬೋಧನೆಯೂ ಅಂದೇ. 2022ರ ಜನವರಿಯಿಂದ ಸಂಯುಕ್ತ ಅರಬ್ ಸಂಸ್ಥಾನ ವಾರಾಂತ್ಯದ ರಜೆಯನ್ನು ಶನಿವಾರ, ಭಾನುವಾರಕ್ಕೆ ಬದಲಾಯಿಸಿದಾಗ ಅಲ್ಲಿನ ಸಭೆಗಳು ತಮ್ಮ ವೇಳಾಪಟ್ಟಿಯನ್ನು ಮತ್ತೆ ಹೊಂದಿಸಿಕೊಳ್ಳಬೇಕಾಯಿತು. ಅಷ್ಟು ದೂರದ ನಾಡಿನಲ್ಲಿ ಅಷ್ಟು ಹೊಂದಿಕೊಂಡವರಿಗೆ, ಇಲ್ಲಿ ಪರೀಕ್ಷೆ ಬರೆಯುವ ಮಕ್ಕಳಿಗಾಗಿ ಬೆಳಿಗ್ಗೆ ಆರೂವರೆಗೆ ಅರ್ಧ ಗಂಟೆಯ ಒಂದು ಆರಾಧನೆ ನಡೆಸುವುದು ಕಷ್ಟವಾಗಬಾರದು. ಹಾಲ್ ಟಿಕೆಟ್ ಹಿಡಿದ ಹುಡುಗಿಯ ತಲೆ ಮುಟ್ಟಿ ಅಯ್ಯನವರು ಪ್ರಾರ್ಥಿಸಿ ಕಳಿಸಿದರೆ ಅವಳು ಆ ಸಭೆಯನ್ನು ಎಂದಿಗೂ ಬಿಡಲಾರಳು.

ಎಲ್ಲಿಂದ ಶುರು ಮಾಡುವುದು ಎಂದು ಕೇಳುವವರಿಗೆ ಡಿಸೆಂಬರ್ ತಿಂಗಳು ಬಹಳ ಅನುಕೂಲ. ಲೂಕನ ಸುವಾರ್ತೆಗೆ 24 ಅಧ್ಯಾಯ. ಡಿಸೆಂಬರ್ 1ರಿಂದ ದಿನಕ್ಕೊಂದು ಓದಿದರೆ ಕ್ರಿಸ್ಮಸ್ ಹಿಂದಿನ ರಾತ್ರಿಗೆ ಸರಿಯಾಗಿ ಮುಗಿಯುತ್ತದೆ. ಕರಾವಳಿಯ ಮನೆಗಳಲ್ಲಿ ಆ ದಿನಗಳ ಸಂಜೆ ಕುಸ್ವಾರ್ ಎಂಬ ಕ್ರಿಸ್ಮಸ್ ತಿಂಡಿಗಳನ್ನು ಮಾಡಲು ಎಲ್ಲರೂ ಒಂದು ಮೇಜಿನ ಸುತ್ತ ಕೂರುತ್ತಾರೆ. ನೆವ್ರಿ ತುಂಬುವಾಗ, ಕಿಡಿಯೊ ಸುರುಳಿ ಮಾಡುವಾಗ ಕೈಗಳಿಗೆ ಕೆಲಸ, ಕಿವಿಗಳಿಗೆ ಬಿಡುವು. ಹಿಟ್ಟು ಮುಟ್ಟದ ಒಬ್ಬರು ಓದಬಹುದು, ಬೇಕಾದರೆ ಅಪ್ಪನೇ. ಮೊದಲ ಅಧ್ಯಾಯಕ್ಕೆ ಮಾತ್ರ 80 ವಚನಗಳಿವೆ, ಒಂದೇ ಸಲಕ್ಕೆ ಮಕ್ಕಳಿಗೆ ಭಾರ. ದೇವಾಲಯದಲ್ಲಿ ಮಾತು ಕಟ್ಟಿಹೋದ ಜಕರೀಯನ ಕಥೆಯನ್ನು ನವೆಂಬರ್ 29ಕ್ಕೆ, ಮರಿಯಳು ಬೆಟ್ಟದ ಸೀಮೆಗೆ ಎಲಿಸಬೇತಳನ್ನು ಕಾಣಲು ಹೋಗುವ ಭಾಗವನ್ನು 30ಕ್ಕೆ ಓದಿಕೊಂಡು, ಯೋಹಾನನ ಹುಟ್ಟನ್ನು 1ನೆಯ ತಾರೀಖಿಗೆ ಇಟ್ಟುಕೊಳ್ಳಿ.